ಹಿಂದಿನ ಬೆಂಚಿನಲ್ಲಿ ಕೂರಲು ನಮಗೆ ಸಮಯ ಕೊಡಿ

ಪ್ರಶಿಕ್ಷಣಾರ್ಥಿ, ಬಿ.ಎಸ್ಸಿ., ಬಿ.ಎಡ್. ದ್ವಿತೀಯ ವರ್ಷ

ನನ್ನ ಏಳನೇ ಅಭ್ಯಾಸ ಪಾಠ ಒಂದು ನಿಮಿಷದೊಳಗೆ ಮುಗಿದುಹೋಯಿತು. ಗಂಟೆ ಹೊಡೆಯುವವರೆಗೆ ಉಳಿದ ಹೊತ್ತು ನಾನು ತರಗತಿಯಲ್ಲಿ ನಿಂತಿದ್ದೆ, ಅಷ್ಟೆ.

ದೊಡ್ಡಬಳ್ಳಾಪುರದ ಹತ್ತಿರದ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿ, ವಿಜ್ಞಾನ, ವಿಷಯಾಂಶ ಜಡತ್ವ. ಪಠ್ಯಪುಸ್ತಕದಲ್ಲೇ ಇರುವ ಚಟುವಟಿಕೆ: ಗಾಜಿನ ಲೋಟದ ಮೇಲೊಂದು ದಪ್ಪ ರಟ್ಟು, ಅದರ ಮೇಲೆ ಐದು ರೂಪಾಯಿ ನಾಣ್ಯ. ರಟ್ಟನ್ನು ಬೆರಳಿನಿಂದ ಚಿಮ್ಮಿದರೆ ರಟ್ಟು ಹಾರಿಹೋಗುತ್ತದೆ, ನಾಣ್ಯ ಲೋಟದೊಳಗೆ ಬೀಳುತ್ತದೆ. ಮಕ್ಕಳು ಬೆರಗಾಗಬೇಕು, ನಾನು "ಯಾಕೆ ಹೀಗಾಯಿತು?" ಎಂದು ಕೇಳಬೇಕು, ಅಲ್ಲಿಂದ ಪಾಠ ಹೊರಡಬೇಕು. ಮೂರು ರಾತ್ರಿ ಮನೆಯಲ್ಲಿ ಬೆರಳು ನೋಯುವಷ್ಟು ಅಭ್ಯಾಸ ಮಾಡಿದ್ದೆ. ಲೋಟವನ್ನು ಮೇಜಿನ ಮೇಲೆ ಇಟ್ಟೆ. ರಟ್ಟನ್ನು ಇನ್ನೂ ಚೀಲದಿಂದ ತೆಗೆದಿರಲಿಲ್ಲ. ಎರಡನೇ ಬೆಂಚಿನಿಂದ ಒಂದು ದನಿ ಬಂತು: "ಸಾರ್, ಕಾಯಿನ್ ಒಳಗ್ ಬೀಳುತ್ತೆ. ಜಡತ್ವ. ಹೋದ್ ವರ್ಷ ಬಂದಿದ್ ಬಿ.ಎಡ್. ಮಿಸ್ ತೋರ್ಸಿದ್ರು."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಏನು ಮಾಡಬೇಕೆಂದು ನನ್ನ ಪಾಠ ಯೋಜನೆಯಲ್ಲಿ ಬರೆದಿರಲಿಲ್ಲ.

ಹಿಂದೆ ಕುಳಿತಿದ್ದ ಮಾರ್ಗದರ್ಶಕರು 'ಪೀಠಿಕೆ ಪರಿಣಾಮಕಾರಿಯಾಗಿಲ್ಲ' ಎಂದು ಬರೆದರು. ಸರಿಯಾದ ಮಾತೇ. ಆದರೆ ನನ್ನನ್ನು ಕಾಡಿದ್ದು ಬೇರೆ. ಅದೇ ತರಗತಿಯಲ್ಲಿ ಅದಕ್ಕೂ ಮುಂಚೆ ನಾನು ಒಂದು ವಾರ ವೀಕ್ಷಣೆಗೆಂದು ಕುಳಿತಿದ್ದೆ. ನನ್ನ ವೀಕ್ಷಣಾ ಪುಸ್ತಕ ತುಂಬಿತ್ತು. 'ಶಿಕ್ಷಕರು ಕಪ್ಪುಹಲಗೆಯನ್ನು ಸಮರ್ಪಕವಾಗಿ ಬಳಸಿದರು', 'ವಿದ್ಯಾರ್ಥಿಗಳು ಆಸಕ್ತಿಯಿಂದ ಭಾಗವಹಿಸಿದರು'. ಮುಚ್ಚಿಡುವುದೇಕೆ, ಅದರಲ್ಲಿ ನಾಲ್ಕೈದು ಪುಟ ಬಸ್ಸಿನಲ್ಲಿ ಗೆಳೆಯನ ಪುಸ್ತಕ ನೋಡಿಕೊಂಡು ತುಂಬಿಸಿದ್ದು. ಒಂದು ವಾರ ಆ ಮಕ್ಕಳ ಬೆನ್ನ ಹಿಂದೆಯೇ ಕುಳಿತಿದ್ದೂ ಅವರಿಗೆ ಏನು ಗೊತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಹೀಗೆ ನೋಡದೆ ನುಗ್ಗಿ ಏಟು ತಿನ್ನುವುದರಲ್ಲಿ ನನಗೆ ಹಳೆಯ ಅನುಭವವಿದೆ. ಅದು ಶಾಲೆಯದಲ್ಲ, ಒಂದು ಆನ್‌ಲೈನ್ ಆಟದ್ದು.

ಆಟ ಎಂದ ಕೂಡಲೇ ಹಿರಿಯರ ಹುಬ್ಬು ಮೇಲೇರುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇದು ಹಣ ಕಟ್ಟಿ ಆಡುವ ರಮ್ಮಿಯಲ್ಲ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿದ್ದು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಸೆಕ್ಷನ್‌ಗಳನ್ನು ರದ್ದುಪಡಿಸಿದ್ದು, ಮತ್ತೆ 2025ರಲ್ಲಿ ಸಂಸತ್ತು ಕಾನೂನು ಮಾಡಿದ್ದು, ಎಲ್ಲವೂ ಪಣವಿಟ್ಟು ಆಡುವ ಆಟಗಳ ಬಗ್ಗೆ. ನಾನು ಆಡಿದ್ದು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. 2004ರಲ್ಲಿ ಬಂದ ಆಟ. ಅದರ ಹಳೆಯ ರೂಪವನ್ನೇ 2019ರಲ್ಲಿ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಮತ್ತೆ ಬಿಟ್ಟರು. 2020ರ ಲಾಕ್‌ಡೌನ್‌ನಲ್ಲಿ, ಬಿ.ಎಸ್ಸಿ. ಓದುತ್ತಿದ್ದಾಗ, ಹೊಸಕೋಟೆಯ ಸಹಪಾಠಿಯೊಬ್ಬ ನನ್ನನ್ನು ಇದಕ್ಕೆ ಎಳೆದ. ತಿಂಗಳ ಚಂದಾ ಕಟ್ಟಲು ಅವ್ವನ ಹತ್ತಿರ ಏನೇನು ಸುಳ್ಳು ಹೇಳಿದೆ ಎಂಬುದು ಈ ಪತ್ರಿಕೆಯ ವ್ಯಾಪ್ತಿಗೆ ಬರುವುದಿಲ್ಲ.

ಆ ಆಟದಲ್ಲಿ ನಾವು ಒಂದು ಪಾತ್ರವನ್ನು ಬೆಳೆಸಬೇಕು. ಪಾತ್ರಗಳಲ್ಲಿ ಒಂಬತ್ತು ಬಗೆ. ಇವಕ್ಕೂ 'ಕ್ಲಾಸ್' ಎಂದೇ ಹೆಸರು. ಗೊಂದಲವಾಗದಿರಲೆಂದು ಇಲ್ಲಿ 'ವರ್ಗ' ಎನ್ನುತ್ತೇನೆ. ಕವಚ ತೊಟ್ಟು ಎದುರಿಗೆ ನುಗ್ಗುವವನು ವಾರಿಯರ್, ದೂರದಿಂದ ಬೆಂಕಿ ಎಸೆಯುವವನು ಮೇಜ್, ಗಾಯ ಮಾಯಿಸುವವನು ಪ್ರೀಸ್ಟ್. ನಾನು ಆರಿಸಿಕೊಂಡದ್ದು ರೋಗ್. ಕಳ್ಳ ಎನ್ನಿ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಅಂಜನ ಹಚ್ಚಿಕೊಂಡು ಕಣ್ಣಿಗೆ ಕಾಣದಂತಾಗುವ ಕಳ್ಳರಿದ್ದರಲ್ಲ, ಅವರ ಜಾತಿಯವನು. ಇವನ ಮುಖ್ಯ ವಿದ್ಯೆ ಸ್ಟೆಲ್ತ್: ಮರೆಯಾಗಿ ನಡೆಯುವುದು.

ಮೊದಲ ಎರಡು ತಿಂಗಳು ನಾನು ಬಹಳ ಕೆಟ್ಟ ರೋಗ್ ಆಗಿದ್ದೆ. ಮರೆಯಾಗುವುದು ಎಂದರೆ ಹತ್ತಿರ ಹೋಗಿ ಹಿಂದಿನಿಂದ ಒಂದು ದೊಡ್ಡ ಏಟು ಕೊಡಲು ಇರುವ ಅನುಕೂಲ ಎಂದುಕೊಂಡಿದ್ದೆ. ಒಂದು ಏಟು ಕೊಡುತ್ತಿದ್ದೆ. ಪಕ್ಕದಲ್ಲಿದ್ದ ಇನ್ನಿಬ್ಬರು ಶತ್ರುಗಳು ಓಡಿ ಬರುತ್ತಿದ್ದರು. ರೋಗ್‌ನ ಕವಚ ಬರೀ ಚರ್ಮದ್ದು. ಮೂವರ ಎದುರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊಡೆದಾಟ ಶುರುವಾದ ಮೇಲೆ ಮತ್ತೆ ಮರೆಯಾಗಲೂ ಬರುವುದಿಲ್ಲ. ಅದಕ್ಕೆಂದೇ ವ್ಯಾನಿಶ್ ಎಂಬ ಇನ್ನೊಂದು ವಿದ್ಯೆ ಇದೆ, ಅದನ್ನು ಕಲಿಯುವುದು ಇಪ್ಪತ್ತೆರಡನೇ ಹಂತದಲ್ಲಿ, ಮತ್ತು ಒಮ್ಮೆ ಬಳಸಿದರೆ ಮತ್ತೆ ಸಿಗಲು ಐದು ನಿಮಿಷ ಕಾಯಬೇಕು. ಅಲ್ಲಿಯವರೆಗೆ ನನ್ನ ಆಟ ಎಂದರೆ ಸಾಯುವುದು, ಸ್ಮಶಾನದಲ್ಲಿ ಪ್ರೇತವಾಗಿ ಏಳುವುದು, ಹೆಣ ಬಿದ್ದಲ್ಲಿಗೆ ಓಡಿಹೋಗಿ ಮತ್ತೆ ಜೀವ ಪಡೆಯುವುದು. ನನ್ನ ಮೇಲೆ ಲ್ಯಾಗ್ ಬೇರೆ. ಸರ್ವರ್ ಇದ್ದದ್ದು ಎಲ್ಲೋ ದೂರದ ದೇಶದಲ್ಲಿ. ನಮ್ಮ ಬೀದಿಯ ಬ್ರಾಡ್‌ಬ್ಯಾಂಡ್‌ನಲ್ಲಿ ನಾನು ಒತ್ತಿದ ಗುಂಡಿ ಅಲ್ಲಿಗೆ ತಲುಪುವಷ್ಟರಲ್ಲಿ ಶತ್ರು ಎರಡು ಹೆಜ್ಜೆ ಮುಂದೆ ಇರುತ್ತಿದ್ದ. ಬಹಳ ದಿನ ತಪ್ಪೆಲ್ಲ ಲ್ಯಾಗ್‌ನದ್ದೇ ಎಂದು ನಂಬಿದ್ದೆ.

ಹೊಸಕೋಟೆಯ ಗೆಳೆಯ ಒಂದು ರಾತ್ರಿ ಫೋನಿನಲ್ಲಿ ಬೈದ. "ಲೇ ಮಗಾ, ಹೊಡೀಬೇಡ್ವೋ. ಹತ್ ನಿಮಿಷ ಸುಮ್ನೆ ನಿಂತ್ಕೊಂಡ್ ನೋಡು. ಯಾರು ಎಲ್ಲಿಂದ ಎಲ್ಲೀವರ್ಗೂ ನಡೀತಾನೆ, ಎಷ್ಟೊತ್ತಿಗ್ ತಿರುಗ್ತಾನೆ, ಅದನ್ನ ಹೇಳು ನಂಗೆ."

ಸುಮ್ಮನೆ ನಿಂತು ನೋಡಿದೆ. ಆ ಹತ್ತು ನಿಮಿಷದಲ್ಲಿ ಎರಡು ತಿಂಗಳಲ್ಲಿ ಕಾಣದ್ದು ಕಂಡಿತು. ಶತ್ರುಗಳ ನೋಟಕ್ಕೆ ಒಂದು ದಿಕ್ಕಿದೆ. ಮುಂದಿನಿಂದ ಬೇಗ ಗುರುತಿಸುತ್ತಾರೆ, ಬೆನ್ನ ಹಿಂದೆ ತೀರಾ ಹತ್ತಿರ ಹೋಗುವವರೆಗೆ ಗೊತ್ತಾಗುವುದಿಲ್ಲ. ನಮಗಿಂತ ಹೆಚ್ಚಿನ ಹಂತದವರು ದೂರದಿಂದಲೇ ಗುರುತಿಸುತ್ತಾರೆ. ಪೂರ್ತಿ ಕಾಣುವ ಮೊದಲು ಒಂದು ಕ್ಷಣ ನಮ್ಮ ಕಡೆ ತಿರುಗಿ ಅನುಮಾನ ಪಡುತ್ತಾರೆ. ಆ ಕ್ಷಣದಲ್ಲಿ ಹಿಂದೆ ಸರಿದರೆ ಬದುಕಿದೆವು. ಹೊಡೆದಾಟದ ಲೆಕ್ಕವೂ ಆಗಲೇ ಅರ್ಥವಾಗತೊಡಗಿದ್ದು. ರೋಗ್‌ಗೆ ನೂರು ಎನರ್ಜಿ, ಎರಡು ಸೆಕೆಂಡಿಗೆ ಇಪ್ಪತ್ತರಂತೆ ತುಂಬುತ್ತದೆ. ಸಾಮಾನ್ಯ ಏಟಿಗೆ ನಲವತ್ತೈದು ಖರ್ಚು. ಅಂದರೆ ಗುಂಡಿಗಳನ್ನು ಬಡಬಡ ಒತ್ತುವವನು ಎರಡು ಏಟು ಕೊಟ್ಟು ಬರಿಗೈಯಲ್ಲಿ ನಿಲ್ಲುತ್ತಾನೆ. ಪ್ರತಿ ಏಟಿಗೂ ಕಾಂಬೋ ಪಾಯಿಂಟ್ ಸೇರುತ್ತದೆ, ಐದು ಸೇರಿದಾಗ ಕೊನೆಯ ಏಟು. ಅರ್ಧಕ್ಕೆ ಬಿಟ್ಟು ಬೇರೆ ಶತ್ರುವಿಗೆ ಹೊಡೆದರೆ ಕೂಡಿಟ್ಟದ್ದೆಲ್ಲ ಹೋಯಿತು. ಒಟ್ಟಿನಲ್ಲಿ ಈ ವರ್ಗದ ಆಟದಲ್ಲಿ ಹೊಡೆಯುವುದಕ್ಕಿಂತ ಕಾಯುವುದೇ ಜಾಸ್ತಿ.

ಇಪ್ಪತ್ತನೇ ಹಂತ ದಾಟಿದ ಮೇಲೆ ಮನುಷ್ಯ ಕುಲದ ರೋಗ್‌ಗೆ ವೆಸ್ಟ್‌ಫಾಲ್ ಎಂಬ ಪ್ರದೇಶದಲ್ಲಿ ಒಂದು ಗೋಪುರಕ್ಕೆ ಹೋಗುವ ಕೆಲಸ ಬರುತ್ತದೆ. ಗುಂಪು ಕಟ್ಟಿಕೊಂಡು ಹೋಗುವ ಕೆಲಸವಲ್ಲ, ಒಬ್ಬನೇ ಹೋಗಬೇಕು. ಹೊರಗೆ ಅಲೆಯುವವನ ಜೇಬಿನಿಂದ ಗೋಪುರದ ಕೀಲಿಕೈ ಕದಿಯಬೇಕು, ಕಾವಲುಗಾರರನ್ನು ನಿಭಾಯಿಸಿಕೊಂಡು ಮೆಟ್ಟಿಲು ಹತ್ತಬೇಕು, ಮೇಲಿರುವ ಕ್ಲಾವೆನ್ ಎಂಬ ಮುಖ್ಯಸ್ಥನನ್ನು ಸ್ಯಾಪ್ ಮಾಡಿ, ಅಂದರೆ ತಲೆಗೆ ತಟ್ಟಿ ಕೆಲಹೊತ್ತು ಮಂಕು ಕವಿಸಿ, ಪೆಟ್ಟಿಗೆಯ ಬೀಗ ತೆಗೆದು ಅವನ ದಿನಚರಿಯನ್ನು ತರಬೇಕು. ಅವನ ಜೊತೆ ಹೊಡೆದಾಡಿ ಗೆಲ್ಲುವುದು ಆ ಹಂತದವನಿಗೆ ಆಗದ ಮಾತು. ಆಟ ಕಟ್ಟಿದವರು ರೋಗ್‌ನ ವಿದ್ಯೆಗಳನ್ನೆಲ್ಲ ಒಂದೊಂದಾಗಿ ಒರೆಗೆ ಹಚ್ಚಲೆಂದೇ ಈ ಗೋಪುರವನ್ನು ಇಟ್ಟಂತಿದೆ. ನಾನು ಹನ್ನೊಂದು ಸಲ ಸತ್ತೆ. ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಇಟ್ಟಿದ್ದೆ. ಮೂರನೆಯ ಸಲ ಸತ್ತದ್ದು ಕೀಲಿಕೈ ಕದಿಯುವಾಗ ಎದುರಿನಿಂದ ಹೋಗಿದ್ದಕ್ಕೆ, ಏಳನೆಯದು ಮೆಟ್ಟಿಲ ತಿರುವಿನಲ್ಲಿ ಅವಸರ ಮಾಡಿದ್ದಕ್ಕೆ. ಒಂಬತ್ತನೆಯದು ನಿಜವಾಗಿಯೂ ಲ್ಯಾಗ್. ಒಂದೊಂದು ಸಾವಿಗೂ ಕಾರಣ ಬರೆದುಕೊಂಡೆ, ಮುಂದಿನ ಸಲ ಅದೊಂದನ್ನೇ ಬದಲಿಸಿದೆ. ಹನ್ನೆರಡನೆಯ ಸಲ ದಿನಚರಿ ಕೈಗೆ ಬಂತು. ರಾತ್ರಿ ಎರಡೂವರೆ. ಪಕ್ಕದ ಮನೆಯ ಮಗ್ಗ ಇನ್ನೂ ಓಡುತ್ತಿತ್ತು.

ಪ್ರತಿ ಸಾವಿನ ಬೆಲೆ ಎಷ್ಟು? ನಾಲ್ಕೈದು ನಿಮಿಷದ ಓಟ, ತೊಟ್ಟ ಕವಚ ಸ್ವಲ್ಪ ಸವೆಯುವುದು. ಅಷ್ಟೆ. ಯಾರೂ ಅಂಕ ಹಾಕಲಿಲ್ಲ. ಹನ್ನೊಂದು ಸಾವಿಗೂ ಅಂಕ ಕಳೆದಿದ್ದರೆ ನಾನು ನಾಲ್ಕನೆಯದಕ್ಕೇ ಗೋಪುರ ಬಿಟ್ಟು ಸುಲಭದ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ.

ಈಗ ನಮ್ಮ ಅಭ್ಯಾಸ ಪಾಠಗಳನ್ನು ನೋಡಿ. 2014ರ ಎನ್‌ಸಿಟಿಇ ನಿಯಮಾವಳಿಯ ನಂತರ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯುವ ಅವಧಿ ಇಪ್ಪತ್ತು ವಾರಕ್ಕೆ ಏರಿತು. ಮೊದಲ ವರ್ಷ ನಾಲ್ಕು, ಎರಡನೇ ವರ್ಷ ಹದಿನಾರು. ಒಳ್ಳೆಯ ಬದಲಾವಣೆ. ಆದರೆ ಆ ವಾರಗಳಲ್ಲಿ ನಾವು ಮಾಡುವುದು ಏನು? ವೀಕ್ಷಣೆಯನ್ನು ಪುಸ್ತಕ ತುಂಬಿಸುವ ಕೆಲಸವಾಗಿ ಮುಗಿಸುತ್ತೇವೆ. ಪಾಠಗಳನ್ನು ಸೋಲದಂತೆ ಏರ್ಪಡಿಸುತ್ತೇವೆ. ಹಿಂದಿನ ದಿನವೇ ನಾಲ್ಕು ಚುರುಕು ಮಕ್ಕಳಿಗೆ ಉತ್ತರ ಹೇಳಿಕೊಟ್ಟು ಬರುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬರೆಯುವುದಿಲ್ಲ. ನಾನೂ ಎರಡನೇ ಪಾಠದಲ್ಲಿ ಹಾಗೆ ಮಾಡಿದ್ದೆ. ಆ ಪಾಠಕ್ಕೇ ನನಗೆ ಅತಿ ಹೆಚ್ಚು ಅಂಕ ಬಂತು. ಹೇಳಿಕೊಟ್ಟ ಉತ್ತರ ನಾಲ್ಕು ಬಾಯಿಂದ ಬಂದಾಗ ಉಳಿದ ಮೂವತ್ತಾರು ಮಕ್ಕಳ ಬಗ್ಗೆ ನನಗೆ ಏನೂ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನಿಸಲಿಲ್ಲ.

ಏಳನೇ ಪಾಠದ ಮರುದಿನ ನಾನು ನಮ್ಮ ಮೇಡಂ ಹತ್ತಿರ ಹೋಗಿ, ಇನ್ನೊಂದು ವಿಭಾಗದಲ್ಲಿ ಮೂರು ದಿನ ಸುಮ್ಮನೆ ಕೂರುತ್ತೇನೆ, ಏನೂ ಬರೆಯುವುದಿಲ್ಲ ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಬರೀದೆ ಹೋದ್ರೆ ರೆಕಾರ್ಡ್‌ಗೆ ಏನ್ ತೋರಿಸ್ತೀಯಪ್ಪ?" ಎಂದರು. ಆಮೇಲೆ, "ಹೋಗ್ಲಿ, ಕೂತ್ಕೋ" ಎಂದರು.

ಕೊನೆಯ ಬೆಂಚು, ಕಿಟಕಿಯ ಪಕ್ಕ. ಮೊದಲ ದಿನ ಮಕ್ಕಳು ತಿರುಗಿ ತಿರುಗಿ ನೋಡಿದರು. ಎರಡನೇ ದಿನ ಮಧ್ಯಾಹ್ನ ಬಿಸಿಯೂಟ ಮುಗಿಸಿ ಬಂದವರಿಗೆ ನಾನು ಅಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು. ಆಗ ನಾನು ಕಂಡದ್ದು: ಆ ಕೋಣೆಯಲ್ಲಿ ನನಗಿಂತ ಒಳ್ಳೆಯ ರೋಗ್‌ಗಳು ಐದಾರು ಮಂದಿ ಇದ್ದಾರೆ.

ಒಬ್ಬಳು ಹುಡುಗಿ, ಶಿಕ್ಷಕರು ಪ್ರಶ್ನೆ ಕೇಳಿದ ಕೂಡಲೇ ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರೆಯತೊಡಗುತ್ತಾಳೆ. ಬರೆಯುವವರನ್ನು ಯಾರೂ ಎಬ್ಬಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಇನ್ನೊಬ್ಬ, ಎಲ್ಲರೂ ಒಟ್ಟಿಗೆ ಉತ್ತರ ಹೇಳುವಾಗ ತುಟಿ ಮಾತ್ರ ಆಡಿಸುತ್ತಾನೆ. ಮತ್ತೊಬ್ಬ, ಎತ್ತರದ ಹುಡುಗನ ಬೆನ್ನಿಗೆ ಸರಿಯಾಗಿ ಕುಳಿತವನು; ಶಿಕ್ಷಕರು ಎಡಕ್ಕೆ ನಡೆದರೆ ಇವನು ಗೇಣುದ್ದ ಬಲಕ್ಕೆ ಸರಿಯುತ್ತಾನೆ, ಬಲಕ್ಕೆ ಬಂದರೆ ಎಡಕ್ಕೆ. ಹೆಜ್ಜೆ ಎಣಿಸಿದಂತೆ. ನನಗೆ ಮೈ ಜುಮ್ಮೆಂದಿತು. ಗೋಪುರದ ಕೆಳಗೆ ಕಾವಲುಗಾರರ ಸುತ್ತು ನಾನು ಹೀಗೇ ಎಣಿಸಿದ್ದೆ. ಇಲ್ಲಿ ಕಾವಲುಗಾರ ಮಾತ್ರ ಮೇಷ್ಟ್ರು.

ಮೇಷ್ಟ್ರ ನೋಟಕ್ಕೂ ಒಂದು ದಿಕ್ಕಿದೆ. ಆಡಮ್ಸ್ ಮತ್ತು ಬಿಡಲ್ ಎಂಬ ಸಂಶೋಧಕರು 1970ರಲ್ಲೇ ಇದನ್ನು ತೋರಿಸಿದ್ದರು: ತರಗತಿಯ ಮಾತುಕತೆಯ ಬಹುಪಾಲು ಮುಂದಿನ ಸಾಲು ಮತ್ತು ನಡುವಿನ ಸಾಲಿನ ಮಕ್ಕಳ ಜೊತೆಯೇ ನಡೆಯುತ್ತದೆ. ಇದನ್ನು ಪರೀಕ್ಷೆಗೆ ಓದಿದ್ದೆ, ಉತ್ತರವನ್ನೂ ಬರೆದಿದ್ದೆ. ಮುಂದೆ ನಿಂತು ಆರು ಪಾಠ ಮಾಡಿದವನಿಗೆ ಇದು ಒಮ್ಮೆಯೂ ನೆನಪಾಗಿರಲಿಲ್ಲ. ಹಿಂದೆ ಕುಳಿತಾಗ ಕಂಡಿತು. ಕಪ್ಪುಹಲಗೆಯ ಹತ್ತಿರ ನಿಂತವರಿಗೆ ತಮ್ಮ ನೋಟ ಎಲ್ಲಿ ಮುಗಿಯುತ್ತದೆ ಎಂಬುದು ಕಾಣುವುದಿಲ್ಲ. ಅದು ಚೆನ್ನಾಗಿ ಗೊತ್ತಿರುವುದು ಅದರಾಚೆ ಅಡಗಿದವರಿಗೆ.

ಎತ್ತರದ ಹುಡುಗನ ಹಿಂದಿದ್ದವನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮೂರನೇ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದವರೆಗೆ ಅವನ ಜೊತೆ ನಡೆದೆ. ತರಗತಿಯ ಮಾತೇ ತೆಗೆಯಲಿಲ್ಲ. ಅವರ ಮನೆಯಲ್ಲಿ ನಾಲ್ಕು ಮಗ್ಗ. ರಾತ್ರಿ ಕರೆಂಟ್ ಇದ್ದಾಗ ಅಪ್ಪನ ಜೊತೆ ಇವನೂ ನಿಲ್ಲುತ್ತಾನೆ. ಬೆಳಗ್ಗೆ ಕಣ್ಣು ಎಳೆಯುತ್ತದೆ, ಅದಕ್ಕೇ ಅಡಗುವುದು. ನಾನೂ ಮಗ್ಗದ ಬೀದಿಯವನೇ ಎಂದೆ. ಸ್ವಲ್ಪ ದೂರ ಹೋದ ಮೇಲೆ ಅವನೇ ಕೇಳಿದ: "ಸಾರ್, ಕರೆಂಟ್ ಹೋದ್ ಮೇಲೂ ಮಗ್ಗ ಒಂದೆರಡ್ ಸುತ್ತು ತಿರುಗಿ ನಿಲ್ಲುತ್ತಲ್ಲ, ಅದೂ ನಿಮ್ ಕಾಯಿನ್ ಥರಾನೇನಾ?"

ಬೇರೆ ವಿಭಾಗದ ಹುಡುಗ. ನನ್ನ ಸೋತ ಪಾಠದ ಸುದ್ದಿ ಅವನವರೆಗೂ ಹೋಗಿತ್ತು!

ಮಾರನೆಯ ವಾರ ಅದೇ ವಿಭಾಗದಲ್ಲಿ ಜಡತ್ವವನ್ನು ಮತ್ತೆ ತೆಗೆದುಕೊಂಡೆ. ಲೋಟ, ನಾಣ್ಯ ಎರಡನ್ನೂ ಮನೆಯಲ್ಲಿ ಬಿಟ್ಟು, ಕರೆಂಟ್ ಹೋದ ಮಗ್ಗದಿಂದ ಶುರು ಮಾಡಿದೆ. ಮಗ್ಗದ ಮನೆಯ ಮಕ್ಕಳು ಒಬ್ಬರ ಮೇಲೊಬ್ಬರು ಮಾತಾಡಿದರು. ಲಾಳಿ ಹೊಡೆತ ತಿಂದ ಮೇಲೆ ಆಚೆ ಕಡೆಯವರೆಗೆ ಹೇಗೆ ಹೋಗುತ್ತದೆ, ಆಚೆ ಅದನ್ನು ಹಿಡಿದು ನಿಲ್ಲಿಸುವ ಪೆಟ್ಟಿಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬಲ್ಲಿಗೆ ಮಾತು ಹೋಯಿತು. ನನ್ನ ಯೋಜನೆಯಲ್ಲಿ ಅದಿರಲಿಲ್ಲ, ಆದರೂ ನಡೆಯಿತು. ಆ ಹುಡುಗ ಬಾಯಿ ತೆರೆದನೇ? ಇಲ್ಲ. ಎತ್ತರದವನ ಬೆನ್ನಿಂದ ಒಂದು ಕಣ್ಣು ಮಾತ್ರ ಹೊರಗಿತ್ತು. ನಾನು ಅವನ ಹೆಸರು ಹಿಡಿದು ಎಬ್ಬಿಸಲಿಲ್ಲ. ಅಡಗಿರುವವನನ್ನು ಎಲ್ಲರ ಮುಂದೆ ಬಯಲಿಗೆ ಎಳೆದರೆ ಅವನು ಇನ್ನೂ ಒಳ್ಳೆಯ ಮರೆ ಹುಡುಕುತ್ತಾನೆ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪಣೆ ಇದೆ. ಅದನ್ನು ನಮ್ಮ ಮೇಡಂ ಅವರೇ ಎತ್ತಿದರು: ಆಟದಲ್ಲಿ ಸತ್ತ ಶತ್ರು ಕೆಲವೇ ನಿಮಿಷದಲ್ಲಿ ಮತ್ತೆ ಹುಟ್ಟಿ ಬರುತ್ತಾನೆ, ನೀನು ಹನ್ನೆರಡು ಸಲ ಪ್ರಯತ್ನಿಸಬಹುದು. ಒಂಬತ್ತನೇ ತರಗತಿಯ ಮಕ್ಕಳಿಗೆ ಆ ಮಂಗಳವಾರದ ಮೂರನೇ ಪೀರಿಯಡ್ ಮತ್ತೆ ಬರುವುದಿಲ್ಲ. ನಿನ್ನ ಸೋಲಿನ ಖರ್ಚನ್ನು ಅವರು ಯಾಕೆ ಕೊಡಬೇಕು?

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಸೋಲಲೆಂದೇ ಇಟ್ಟ ಜಾಗ ಒಂದು ನಮ್ಮಲ್ಲಿ ಈಗಾಗಲೇ ಇದೆ, ಅದನ್ನು ನಾವೇ ಹಾಳು ಮಾಡಿಕೊಂಡಿದ್ದೇವೆ. ಅದು ಅಣುಬೋಧನೆ, ನಾವೆಲ್ಲ ಮೈಕ್ರೋ ಟೀಚಿಂಗ್ ಎನ್ನುವುದು. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿಯ ಭಾರತೀಯ ಮಾದರಿಯಲ್ಲಿ ಒಂದು ಸುತ್ತಿಗೆ ಮೂವತ್ತಾರು ನಿಮಿಷ: ಆರು ನಿಮಿಷ ಬೋಧನೆ, ಆರು ಹಿಮ್ಮಾಹಿತಿ, ಹನ್ನೆರಡು ಮರುಯೋಜನೆ, ಆರು ಮರುಬೋಧನೆ, ಮತ್ತೆ ಆರು ಹಿಮ್ಮಾಹಿತಿ. ಬೋಧನೆಗಿಂತ ಮರುಯೋಜನೆಗೆ ಎರಡರಷ್ಟು ಹೊತ್ತು! ಗೋಪುರದ ಮುಂದೆ ಕಾಗದದಲ್ಲಿ ಗೆರೆ ಎಳೆದ ನನಗೆ ಈ ಲೆಕ್ಕ ನೋಡಿದಾಗ ಬಹಳ ಖುಷಿಯಾಯಿತು. ವಾಸ್ತವದಲ್ಲಿ ನಡೆಯುವುದೇ ಬೇರೆ. ಮರುಬೋಧನೆಯನ್ನು ಹೆಚ್ಚಿನವರು ಕಾಗದದ ಮೇಲೆ ಮಾಡುತ್ತೇವೆ. ಮತ್ತು ವಿದ್ಯಾರ್ಥಿಗಳಾಗಿ ಕೂರುವ ಸಹಪಾಠಿಗಳು ಬಲು ಸಂಭಾವಿತರು. ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಡುತ್ತಾರೆ, ಯಾಕೆಂದರೆ ಮುಂದಿನ ಸರದಿ ಅವರದು. ಅಲ್ಲಿ ಯಾರೂ "ಸಾರ್, ಹೋದ್ ವರ್ಷ ನೋಡಿದ್ವಿ" ಎನ್ನುವುದಿಲ್ಲ, ಯಾರೂ ಯಾರ ಬೆನ್ನ ಹಿಂದೆಯೂ ಅಡಗುವುದಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಶಾಲೆಯಲ್ಲಿ ಮೊದಲ ಒಂದು ವಾರ ಯಾವ ನಮೂನೆಯೂ ಇಲ್ಲದೆ ಹಿಂದೆ ಕೂರಲು ಬಿಡಿ. ವಾರದ ಕೊನೆಗೆ, ತರಗತಿಯಲ್ಲಿ ಕಾಣಿಸಿಕೊಳ್ಳದ ಒಂದು ಮಗುವಿನ ಬಗ್ಗೆ ಒಂದು ಪುಟ ಕೇಳಿ. ಗೆಳೆಯನ ಪುಸ್ತಕ ನೋಡಿ ಅದನ್ನು ತುಂಬಿಸಲಾಗುವುದಿಲ್ಲ. ಹಾಗೆ ಕಂಡುಬಂದ ಮಕ್ಕಳನ್ನು, ಹೆಸರಿಲ್ಲದೆ, ಚೀಟಿಯಲ್ಲಿ ಬರೆದು ಅಣುಬೋಧನೆಗೆ ತನ್ನಿ. ಒಬ್ಬ ಸಹಪಾಠಿ ತುಟಿ ಆಡಿಸುವವಳಾಗಲಿ, ಒಬ್ಬ ಉತ್ತರವನ್ನು ಮೊದಲೇ ಕೂಗುವವನಾಗಲಿ, ಯಾವ ಚೀಟಿ ಯಾರಿಗೆ ಬಂದಿದೆ ಎಂಬುದು ಪಾಠ ಮಾಡುವವನಿಗೆ ಗೊತ್ತಿರಬಾರದು. ಅಲ್ಲಿ ಬೇಕಾದಷ್ಟು ಸಲ ಸಾಯೋಣ, ಖರ್ಚು ಯಾವ ಮಗುವಿನದ್ದೂ ಅಲ್ಲ. ಇನ್ನು ಶಾಲೆಯ ಮೊದಲ ಎರಡು ಪಾಠಗಳಿಗೆ ಅಂಕ ಹಾಕಬೇಡಿ. ಅಂಕವಿಲ್ಲದಿದ್ದರೆ ಹಿಂದಿನ ದಿನ ಹೋಗಿ ಉತ್ತರ ಹೇಳಿಕೊಟ್ಟು ಬರುವ ಅಗತ್ಯವೂ ಇರುವುದಿಲ್ಲ. ಆಂತರಿಕ ಅಂಕಗಳ ಲೆಕ್ಕ ವಿಶ್ವವಿದ್ಯಾಲಯದ ನಿಯಮಕ್ಕೆ ಕಟ್ಟುಬಿದ್ದದ್ದು ಎಂಬುದು ನನಗೆ ಗೊತ್ತು. ಆದರೆ ಯಾವ ಪಾಠದ ಅಂಕಗಳನ್ನು ಎಣಿಸಬೇಕು ಎಂಬಷ್ಟನ್ನಾದರೂ ಕಾಲೇಜಿನ ಮಟ್ಟದಲ್ಲಿ ಮಾತಾಡಬಹುದಲ್ಲವೇ?

ಚೀಟಿಯ ಪ್ರಯೋಗವನ್ನು ನಾವು ಐದು ಜನ ಕಳೆದ ಶನಿವಾರ ಮಧ್ಯಾಹ್ನ ಸುಮ್ಮನೆ ಮಾಡಿ ನೋಡಿದೆವು. ದೇವನಹಳ್ಳಿಯಿಂದ ಬರುವ ಗೆಳತಿಗೆ ಅಡಗುವ ಹುಡುಗನ ಚೀಟಿ ಸಿಕ್ಕಿತ್ತು. ಆರು ನಿಮಿಷದ ಪಾಠ ಮುಗಿದ ಮೇಲೆ ಯಾರು ಅಡಗಿದ್ದರು ಎಂದು ಪಾಠ ಮಾಡಿದವನನ್ನು ಕೇಳಿದೆವು. ಅವನು ನನ್ನ ಕಡೆ ಬೆರಳು ತೋರಿಸಿದ. ಕೇಳುತ್ತಿದ್ದವರು ನಾಲ್ಕೇ ಜನ.

ಮುಂದಿನ ವಾರ ಒಂಬತ್ತನೇ ತರಗತಿಯಲ್ಲಿ ಗುರುತ್ವಾಕರ್ಷಣೆ ತೆಗೆದುಕೊಳ್ಳಬೇಕು. ಹೋದ ವರ್ಷದ ತಂಡದವರು ಇದಕ್ಕೆ ಏನೇನು ತೋರಿಸಿದ್ದರು ಎಂದು ಎರಡನೇ ಬೆಂಚಿನ ಆ ಹುಡುಗನನ್ನೇ ಕೇಳಿ, ಪಟ್ಟಿ ಬರೆದುಕೊಂಡು ಬಂದಿದ್ದೇನೆ.